ಲೀಟರಿಗೆ ಹನ್ನೆರಡು

ನಮ್ಮ ಕಾರಿನ ಮುಂದಿನ ಖಾನೆಯಲ್ಲಿ ನೂರು ಪುಟದ ಒಂದು ನೋಟುಪುಸ್ತಕ ಇರುತ್ತಿತ್ತು. ಪೆಟ್ರೋಲು ಹಾಕಿಸಿದಾಗಲೆಲ್ಲ ಎಷ್ಟು ಲೀಟರು, ಅಷ್ಟರಲ್ಲಿ ಎಷ್ಟು ಕಿಲೋಮೀಟರು ಓಡಿತು ಎಂದು ಬರೆದಿಡುವುದು ನನ್ನ ಅಭ್ಯಾಸ. ಗ್ಯಾಸ್ ಸಿಲಿಂಡರು ಹಚ್ಚಿದ ದಿನ, ಫಿಲ್ಟರು ತೊಳೆದ ದಿನವನ್ನೆಲ್ಲ ಕ್ಯಾಲೆಂಡರಿನಲ್ಲಿ ಗುರುತು ಹಾಕುವವಳು ನಾನು. ಹಳೆಯ ಕಾರಾದರೂ ಲೀಟರಿಗೆ ಹದಿನೆಂಟು ಕೊಡುತ್ತಿತ್ತು. ದಸರಾ ಕಳೆದ ಮೇಲೆ ಹದಿನೈದಾಯಿತು. ದೀಪಾವಳಿಯ ಹೊತ್ತಿಗೆ ಹನ್ನೆರಡು.

ಹನ್ನೆರಡು ಎಂದು ಬರೆದ ದಿನ ಪುಸ್ತಕವನ್ನು ಖಾನೆಯಿಂದ ತೆಗೆದು ನನ್ನ ಚೀಲದಲ್ಲಿಟ್ಟುಕೊಂಡೆ. ಅದು ಅಕ್ಕನ ಕಣ್ಣಿಗೆ ಬೀಳಬಾರದಿತ್ತು.

ಅಕ್ಕನ ಮನೆಯೂ ಸೊರಬದಲ್ಲೇ, ನಮ್ಮ ಮನೆಯಿಂದ ಎರಡು ಬೀದಿ ಆಚೆ. ಮಂಗಳವಾರ ಮತ್ತು ಶುಕ್ರವಾರ ಅವಳನ್ನು ಡಯಾಲಿಸಿಸ್ಸಿಗೆ ಶಿಕಾರಿಪುರಕ್ಕೆ ಕರೆದುಕೊಂಡು ಹೋಗುವವಳು ನಾನು. ಐದಕ್ಕೆ ಎದ್ದು ಎರಡೂ ಮನೆಯ ಅಡುಗೆ ಮುಗಿಸಿ ಹೊರಟರೆ ತಿರುಗಿ ಬರುವಾಗ ಮಧ್ಯಾಹ್ನ ಮೂರು ದಾಟಿರುತ್ತದೆ. ಅಲ್ಲಿ ಬೆಂಚಿನ ಮೇಲೆ ನಾಲ್ಕು ತಾಸು ಕೂತು ಕೂತು ಸೊಂಟ ಹಿಡಿದುಕೊಳ್ಳುತ್ತದೆ. ಅದನ್ನು ನಾನು ಹೇಳುವುದಿಲ್ಲ. ಯಾರಿಗೂ ಭಾರವಾಗಬಾರದು ಎಂಬ ಹಟ ಅವಳಿಗೆ. ಹಿಂದಿನ ಬೇಸಿಗೆಯಲ್ಲಿ ನಾನು ಜ್ವರ ಇಟ್ಟುಕೊಂಡೇ ಗಾಡಿ ಓಡಿಸಿದ್ದು ಗೊತ್ತಾಗಿ, "ನಂಗೆ ಆರಾಮಿದೆ ಕಣೇ, ಈ ಸಲ ಬ್ಯಾಡ" ಎಂದು ಎರಡು ಸರದಿ ತಪ್ಪಿಸಿಕೊಂಡಳು. ಆಮೇಲೆ ಮುಖ ಊದಿ, ಉಸಿರಿಗೆ ಕಷ್ಟಪಡುತ್ತಿದ್ದವಳನ್ನು ಎತ್ತಿ ಕಾರಿಗೆ ಹಾಕಿಕೊಳ್ಳಬೇಕಾಯಿತು. ಕಾರು ಹೀಗೆ ಕುಡಿಯುತ್ತಿದೆ ಎಂದು ತಿಳಿದರೆ ಮತ್ತೆ ಹಾಗೇ ಮಾಡುತ್ತಾಳೆಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ.

ಹಾಗಾಗಿ ಶಿರಾಳಕೊಪ್ಪದ ಮೆಕ್ಯಾನಿಕ್ಕಿನ ಹತ್ತಿರ ಒಬ್ಬಳೇ ಹೋಗುತ್ತಿದ್ದೆ, ಬುಧವಾರವೋ ಭಾನುವಾರವೋ. ಮೊದಲು ಏರ್ ಫಿಲ್ಟರು ತೆಗೆದು ಕೊಡವಿದ, ಬೊಗಸೆ ಧೂಳು ಬಿತ್ತು. ಹೊಸದು ಹಾಕಿದ. ಮೈಲೇಜು ಏರಲಿಲ್ಲ. ಇನ್ನೊಂದು ಸಲ ಪ್ಲಗ್ಗು ಬದಲಾಯಿಸಿದ, ಟಯರಿಗೆ ಗಾಳಿ ಹಿಡಿಸಿದ, ಪೆಟ್ರೋಲು ಸೋರುತ್ತಿದೆಯೇ ಎಂದು ಗಾಡಿಯ ಅಡಿಗೆ ಮಲಗಿ ನೋಡಿದ.

"ಎಲ್ಲಾ ಸರಿ ಐತ್ರೀ ಅಕ್ಕಾರ. ನೀವು ಕ್ಲಚ್ ಮ್ಯಾಲೆ ಕಾಲಿಟ್ಕಂಡು ಓಡಿಸ್ತೀರೇನು?"

"ಇಲ್ಲಪ್ಪ."

ಮನೆಯವರದೂ ಅದೇ ಮಾತು. "ನಿನ್ನ ಕಾಲೇ ಭಾರ ಬಿಡು." ಅವರಿಗೆ ತಮಾಷೆ. ನನಗೆ ನಗಲೂ ಸುಸ್ತು. ಒಂದು ವಾರ ಚಪ್ಪಲಿ ಬಿಟ್ಟು ಬರಿಗಾಲಲ್ಲೂ ಓಡಿಸಿ ನೋಡಿದೆ.

ಆ ಶುಕ್ರವಾರ ವಾಪಸು ಬರುವಾಗ ಶಿರಾಳಕೊಪ್ಪ ಹತ್ತಿರವಾಗುತ್ತಿದ್ದಂತೆ ಸುಟ್ಟ ವಾಸನೆ ಬಂತು. ಅಕ್ಕ ಮುಂದಿನ ಸೀಟಿನಲ್ಲಿ ನನ್ನ ಪಕ್ಕ ಕಣ್ಣು ಮುಚ್ಚಿಕೊಂಡಿದ್ದಳು.

"ಎಂತದೇ ಅದು ವಾಸನೆ?"

"ಯಾರೋ ಕಸ ಸುಡ್ತಿದಾರೆ" ಎಂದೆ. ಆದರೆ ವಾಸನೆ ನಮ್ಮ ಜೊತೆಗೇ ಬರುತ್ತಿತ್ತು. ಬೇರೆ ದಾರಿಯಿಲ್ಲದೆ ಮೆಕ್ಯಾನಿಕ್ಕಿನ ಅಂಗಡಿಯ ಮುಂದೆ ನಿಲ್ಲಿಸಿದೆ. ಅವನು ಹಿಂದಿನ ಚಕ್ರಕ್ಕೆ ಕೈ ತಾಗಿಸಿ ಚುರ್ರೆಂದು ಹಿಂತೆಗೆದ.

"ಬ್ರೇಕ್ ಹಿಡ್ಕಂಡೈತ್ರೀ! ಮೊನ್ನೆ ನೀವು ಬಂದಾಗ ತಣ್ಣಗಿತ್ತಲ್ಲ. ತಡೀರಿ, ಆರಿದ ಮ್ಯಾಲೆ ಒಂದ್ ರೌಂಡ್ ಹೊಡ್ಕಂಡು ಬರ್ತೀನಿ."

ಅಕ್ಕನಿಗೆ ಇಳಿಯುವ ತ್ರಾಣವಿರಲಿಲ್ಲ. ಅವಳು ಕೂತಲ್ಲೇ ಕೂತಳು. ಚಕ್ರ ಆರಿದ ಮೇಲೆ ಅವನು ಸ್ಟೇರಿಂಗಿಗೆ ಬಂದ, ನಾನು ಹಿಂದೆ ಕೂತೆ. ಸಂತೆಯ ರಸ್ತೆ ದಾಟಿ ಗುಂಡಿಗಳಿರುವ ಕಡೆ ಹೊರಳಿದ. ನನ್ನದೇ ಕಾರಿನಲ್ಲಿ ಹಿಂದೆ ಕೂತದ್ದು ಅದೇ ಮೊದಲು. ಅಲ್ಲಿಂದ ಅಕ್ಕನ ಬಲಗೈ ಕಾಣಿಸಿತು. ಅವಳ ಎಡಗೈಗೇ ಡಯಾಲಿಸಿಸ್ಸಿನ ಸೂಜಿ ಹಾಕುವುದು, ಆ ಕೈಗೆ ಭಾರ ಬೀಳಬಾರದು. ಹಾಗಾಗಿ ಬಾಗಿಲ ಮೇಲಿನ ಹಿಡಿಕೆ ಅವಳಿಗೆ ಉಪಯೋಗವಿಲ್ಲ. ಗುಂಡಿ ಬಂದಾಗಲೆಲ್ಲ ಬಲಗೈಯಿಂದ ಎರಡು ಸೀಟಿನ ನಡುವಿನ ಹ್ಯಾಂಡ್‌ಬ್ರೇಕನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದಳು. ಟಿಕ್ ಎಂದು ಅದು ಒಂದು ಹಲ್ಲು ಮೇಲೇರಿತು.

ಮೆಕ್ಯಾನಿಕ್ಕೂ ನೋಡಿದ. "ಆಯ್ತಲ್ರೀ ಅಕ್ಕಾರ, ಸಿಕ್ತು. ಇವ್ರು ಬ್ರೇಕ್ ಎಳೀತಾರೆ, ನೀವು ಎಕ್ಸಲೇಟರ್ ಒತ್ತುತೀರಿ! ಅಲ್ಲಾ, ಎಳೆದ್ರೆ ಮೀಟರಿನಾಗೆ ಕೆಂಪು ಲೈಟ್ ಬರಬೇಕಲ್ಲ, ನೋಡಿಲ್ಲೇನ್ರಿ?"

ನಾನು ಮುಂದಕ್ಕೆ ಬಗ್ಗಿ ನೋಡಿದೆ. ಆಯುಧಪೂಜೆಯ ದಿನ ಅಕ್ಕನೇ ಮೀಟರಿನ ಗಾಜಿನ ಮೇಲೆ ಮೂರು ಬೆರಳಿನ ವಿಭೂತಿ ಎಳೆದು, ಪಕ್ಕದಲ್ಲಿ ನೀರಿನಲ್ಲಿ ಕಲಸಿದ ಕುಂಕುಮವನ್ನು ದಪ್ಪಗೆ ಇಟ್ಟಿದ್ದಳು. ಪೂಜೆಯದನ್ನು ನಾವು ಒರೆಸುವುದಿಲ್ಲ, ಅದು ತಾನಾಗಿ ಉದುರಬೇಕು. ಉದುರಿರಲಿಲ್ಲ. ಆ ದೀಪ ಕುಂಕುಮದ ಹಿಂದೆ ಉರಿಯುತ್ತಿತ್ತು. ಗಾಡಿ ನಿಲ್ಲಿಸಿದಾಗ ಹ್ಯಾಂಡ್‌ಬ್ರೇಕ್ ಪೂರ್ತಿ ಎಳೆಯುವುದು, ಹೊರಡುವಾಗ ಇಳಿಸುವುದು ನನ್ನ ರೂಢಿ. ನಡುವೆ ಅದು ಒಂದು ಹಲ್ಲು ಏರಿದ್ದು ನನಗೆ ತಿಳಿಯುವ ಬಗೆಯೇ ಇರಲಿಲ್ಲ.

ಅಕ್ಕ ಕಾದ ಹಂಚು ಮುಟ್ಟಿದವಳಂತೆ ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು.

ಬ್ರೇಕ್ ಸರಿಮಾಡಿಸಿಕೊಂಡು ಹೊರಟೆವು. ಗುಂಡಿ ಬಂದರೂ ಅವಳು ಏನನ್ನೂ ಹಿಡಿಯಲಿಲ್ಲ, ಒಂದು ಕಡೆಗೆ ಓಲಾಡಿದಳು. ಸೊರಬ ಬರುವ ಮುಂಚೆ, "ಮಂಗಳವಾರ ನಾ ಬಸ್ಸಿಗೆ ಹೋಗ್ತೀನಿ" ಎಂದಳು.

ಸಮಾಧಾನದ ಮಾತು ಹುಡುಕುವಷ್ಟು ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. ರಸ್ತೆ ಬದಿಗೆ ಗಾಡಿ ನಿಲ್ಲಿಸಿದೆ.

"ನೋಡೇ ಅಕ್ಕ, ಮೊದಲು ಆ ಬ್ರೇಕು ಸಡಿಲ ಇತ್ತು, ನೀನು ಎಳೆದ್ರೂ ಏನೂ ಆಗ್ತಿರ್ಲಿಲ್ಲ. ಮನೆ ಮುಂದಿನ ಇಳಿಜಾರಲ್ಲಿ ಗಾಡಿ ಜಾರತ್ತೆ ಅಂತ ದಸರಾಕ್ಕೆ ಬಿಗಿ ಮಾಡ್ಸಿದ್ದು ನಾನು. ಎರಡು ತಿಂಗಳು ನಿಂಗೆ ಹೇಳ್ದೆ ಒಬ್ಳೇ ರಿಪೇರಿಗೆ ಹೋಗಿದ್ದೂ ನಾನು. ನಿನ್ನ ಕೂರಿಸ್ಕೊಂಡು ಹೋಗಿದ್ರೆ ಮೊದಲ್ನೇ ದಿನಾನೇ ಸಿಗ್ತಿತ್ತು."

"ಎಂತಕ್ಕೆ ಹೇಳ್ಲಿಲ್ಲ?"

"ಇದಕ್ಕೇ. ಬಸ್ಸಿಗೆ ಹೋಗ್ತೀನಿ ಅಂತೀಯಲ್ಲ, ಇದಕ್ಕೇ."

ಅವಳು ಕಿಟಕಿಯಾಚೆ ನೋಡುತ್ತ ಮೆಲ್ಲಗೆ, "ವಾಪಸ್ ಬರಬೇಕಾರೆ ತಲೆ ತಿರುಗತ್ತೆ ಕಣೇ. ಬಿದ್ದೇ ಬಿಡ್ತೀನಿ ಅನ್ಸತ್ತೆ" ಎಂದಳು. ಇದನ್ನು ಅವಳು ನನಗೆ ಹೇಳಿದ್ದು ಅದೇ ಮೊದಲು. ಗಾಡಿ ಮತ್ತೆ ಹೊರಟಾಗ ಕೇಳಿದಳು, "ಹಂಗಾರೆ ನಾ ಇನ್ನು ಎಂತ ಹಿಡ್ಕಳದು?"

ಬಸ್ಸಿನ ಮಾತು ಮತ್ತೆ ಬರಲಿಲ್ಲ.

ಮಂಗಳವಾರ ಬೆಳಿಗ್ಗೆ ಒದ್ದೆ ಬಟ್ಟೆ ಹಿಡಿದುಕೊಂಡು ಗೇಟಿನ ಹತ್ತಿರ ನಿಂತಿದ್ದಳು. ಕಣ್ಣು ಮುಚ್ಚಿ ಕೈಮುಗಿದು ಮೀಟರಿನ ಗಾಜಿನ ಮೇಲಿನ ಕುಂಕುಮ ಒರೆಸಿದಳು, ವಿಭೂತಿಯನ್ನು ಹಾಗೇ ಬಿಟ್ಟಳು. ಆಮೇಲೆ ಹಿಂದಿನ ಸೀಟಿಗೆ ಹೋಗಿ ನನ್ನ ಬೆನ್ನ ಹಿಂದೆ ಕೂತು, ಬಲಗೈಯಿಂದ ನನ್ನ ಸೀಟಿನ ತಲೆದಿಂಬು ಹಿಡಿದುಕೊಂಡಳು. ಮೊದಲ ಗುಂಡಿಗೇ ತಲೆದಿಂಬಿನ ಜೊತೆ ನನ್ನ ತುರುಬೂ ಅವಳ ಕೈಗೆ ಬಂತು.

"ನೋವಾಯ್ತನಾ?"

"ಎಳಿ ಮಾರಾಯ್ತಿ" ಎಂದೆ. "ಅದಕ್ಕೆ ಪೆಟ್ರೋಲು ಬೀಳಲ್ಲ."

ಈಗ ಪುಸ್ತಕ ಮತ್ತೆ ಖಾನೆಯಲ್ಲೇ ಇದೆ. ಹದಿನೇಳೂವರೆ ಬರುತ್ತಿದೆ. ಮಂಗಳವಾರ ಮತ್ತು ಶುಕ್ರವಾರ ನಾನು ತುರುಬು ಕಟ್ಟುವುದಿಲ್ಲ, ಜಡೆ ಹಾಕಿ ಮುಂದಕ್ಕೆ ಇಳಿಬಿಟ್ಟುಕೊಳ್ಳುತ್ತೇನೆ.