ಬೈದವರಿಗೂ ಉತ್ತರ

ಆಕೆಗೆ ಉತ್ತರದಮ್ಮ ಅನ್ನುವ ಹೆಸರು ಬಿದ್ದದ್ದು ಟಪಾಲಿನ ಕಾಲದಲ್ಲಿ. ನೆರೆದೇಶದವರು ಈ ಊರಿನಲ್ಲಿ ಒಂದು ಮಾಹಿತಿ ಕೇಂದ್ರ ನಡೆಸುತ್ತಿದ್ದರು. ಎರಡನೇ ಮಹಡಿಯಲ್ಲಿ ನಾಲ್ಕು ಕೋಣೆ, ಒಂದು ವಾಚನಾಲಯ, ಗೋಡೆಯ ಮೇಲೆ ಆ ದೇಶದ ನಕ್ಷೆ. ಊರಿನವಳೇ ಆದ ಈಕೆ ಅಲ್ಲಿ ಗುಮಾಸ್ತೆಯಾಗಿ ಸೇರಿದಳು. ಜನರ ಪತ್ರಗಳಿಗೆ ಉತ್ತರ ಬರೆಯುವುದು ಅವಳ ಕೆಲಸ. "ನಿಮ್ಮಲ್ಲಿ ಹಿಮ ಬೀಳುತ್ತದೆಯೇ?" ಎಂದು ಶಾಲೆಯ ಮಕ್ಕಳು ಕೇಳಿದರೂ, "ನಿಮ್ಮ ಸರ್ಕಾರ ಯಾವಾಗ ಬೀಳುತ್ತದೆ?" ಎಂದು ನಿವೃತ್ತ ಮೇಷ್ಟರು ಕೇಳಿದರೂ ವಾರದೊಳಗೆ ಉತ್ತರ ಹೋಗುತ್ತಿತ್ತು.

ಪತ್ರಗಳು ನಿಂತವು, ಫೇಸ್‌ಬುಕ್ ಪುಟ ಬಂತು. ಐವತ್ತಾರನೇ ವಯಸ್ಸಿನಲ್ಲಿ ಉತ್ತರದಮ್ಮ ಕನ್ನಡಕ ಏರಿಸಿಕೊಂಡು ಕಾಮೆಂಟುಗಳಿಗೆ ಉತ್ತರ ಬರೆಯಲು ಕುಳಿತಳು. ಪತ್ರ ಬರೆಯುವವರು ಬೈಯುವ ಮೊದಲು ಕ್ಷೇಮ ಕೇಳುತ್ತಿದ್ದರು. ಇಲ್ಲಿ ಬೈಗುಳವೇ ನಮಸ್ಕಾರ.

ಅವರಲ್ಲೆಲ್ಲ ಜೋರಾದವನು 'ಕಿಡಿ' ಅನ್ನುವ ಹೆಸರಿಟ್ಟುಕೊಂಡವನು. ಗಡಿಯಾಚೆಯವರನ್ನು ಕಂಡರೆ ಕೆಂಡ ಕಾರುವ 'ಕಾವಲು ಪಡೆ' ಅನ್ನುವ ಗುಂಪಿನವನು. ದಿನವೂ ಒಂದೇ ಆರೋಪ: ಗಡಿಯಾಚೆಯ ದೊಡ್ಡ ಆಸ್ಪತ್ರೆಗೆ ಹೋದ ನಮ್ಮ ಜನರ ಕಿಡ್ನಿ ಕದಿಯುತ್ತಾರೆ, ಆ ದೇಶದವರನ್ನು ಊರಿಂದ ಓಡಿಸಬೇಕು.

ಕೇಂದ್ರದ ಅಧಿಕಾರಿ ಆ ದೇಶದಿಂದ ಬಂದವನು. ಎರಡು ವರ್ಷ ಭಾಷೆ ಕಲಿತಿದ್ದ, ಗಾದೆಗಳೆಂದರೆ ಪ್ರಾಣ. "ಅಮ್ಮ, ನಾಯಿ ಬೊಗಳಿದರೆ ದೇವಲೋಕ ಹಾಳೇ? ಅಳಿಸಿ ಹಾಕಿ," ಅಂದ.

"ನಾಯಿ ಅಲ್ಲ ಸಾರ್, ಮನುಷ್ಯ. ಬೈಗುಳದಲ್ಲೂ ಒಂದು ಒತ್ತಕ್ಷರ ತಪ್ಪಿಲ್ಲ ನೋಡಿ. ಇಷ್ಟು ಶ್ರದ್ಧೆಯಿಂದ ಬರೆಯೋನು ನಮ್ಮ ಉತ್ತರಾನೂ ಓದ್ತಾನೆ. ಒಂದು ತಿಂಗಳು ನನಗೆ ಬಿಡಿ."

ಅಧಿಕಾರಿ ತಲೆ ಕೆರೆದುಕೊಂಡು ಒಪ್ಪಿದ.

ಉತ್ತರದಮ್ಮ ವಾದಕ್ಕೆ ಇಳಿಯಲಿಲ್ಲ. "ಹೋದ ವರ್ಷ ಆ ಆಸ್ಪತ್ರೆಗೆ ಹೋಗಿಬಂದ ಹನ್ನೊಂದು ಜನ ನಮಗೆ ಗೊತ್ತು. ಅವರಲ್ಲಿ ನಾಲ್ವರು ಮಾತಾಡಲು ಒಪ್ಪಿದ್ದಾರೆ. ಯಾವಾಗ ಬೇಕಾದರೂ ಕೇಳಿ," ಎಂದು ಬರೆದಳು. ಮಾರನೆಯ ದಿನ ಮತ್ತೆ ಬೈಗುಳ, ಮತ್ತೆ ಅದೇ ಉತ್ತರ. ಮೂರನೆಯ ವಾರ ಅವಳಿಗೇ ಒಂದು ಅನುಮಾನ ಬಂತು. ಇವನು ನದಿಯ ಜಗಳ ಎತ್ತುವುದಿಲ್ಲ, ಗಡಿಯ ಜಗಳ ಎತ್ತುವುದಿಲ್ಲ. ಬರೀ ಆಸ್ಪತ್ರೆ, ಆಸ್ಪತ್ರೆ. ಆ ದಿನ ಅವಳು ಬರೆದದ್ದು ಒಂದೇ ಸಾಲು: "ನಿಮ್ಮ ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲವೇ?"

ಮಾರನೆಯ ದಿನದಿಂದ ಕಿಡಿಯ ಬೈಗುಳ ನಿಂತಿತು.

ನಾಲ್ಕನೆಯ ದಿನ ಕಾವಲು ಪಡೆಯವರು ಉತ್ತರದಮ್ಮನ ಫೋಟೊ ಹಾಕಿದರು. ಅವಳು ಕೇಂದ್ರದ ಮೆಟ್ಟಿಲಿಳಿಯುವ ಫೋಟೊ, ಕೆಳಗೆ 'ದ್ರೋಹಿ' ಎಂಬ ಪದ. ಅಂಗಡಿಯವನು ಚಿಲ್ಲರೆ ಕೊಡುವಾಗ ಮುಖ ತಿರುಗಿಸಿದ. ಮನೆಯಲ್ಲಿ ಜೊತೆಗಿದ್ದ ಅಕ್ಕ ಹಾಡುಹಗಲೇ ಚಿಲಕ ಹಾಕಿದಳು.

"ಹಾವಿಗೆ ಹಾಲೆರೆದೆ, ಈಗ ನೋಡು. ಇನ್ನೊಂದು ವರ್ಷ ಕಳೆದರೆ ನಿವೃತ್ತಿ. ನಿನಗ್ಯಾಕೆ ಬೇಕಿತ್ತು ಊರ ಉಸಾಬರಿ?"

"ಈಗ ಬೈಬೇಡ ಅಕ್ಕ, ಸುಮ್ಮನಿರು," ಅಂದಳು. ತಾನೇ ಎದ್ದು ಕಿಟಕಿಯನ್ನೂ ಮುಚ್ಚಿದಳು. ಅಧಿಕಾರಿ ಪೊಲೀಸರಿಗೆ ದೂರು ಕೊಟ್ಟ, ಅವಳಿಗೆ ರಜೆ ಕೊಟ್ಟ.

ರಜೆಯ ಎರಡನೆಯ ಬೆಳಿಗ್ಗೆ ಕೇಂದ್ರದ ಪುಟಕ್ಕೆ ಖಾಸಗಿ ಸಂದೇಶ ಬಂತು. ಅಧಿಕಾರಿ ಫೋನ್ ಮಾಡಿ ಓದಿ ಹೇಳಿದ: "ಆ ಫೋಟೊ ಹಾಕಿದ್ದು ನಾನಲ್ಲ. ಹಾಕಬೇಡಿ ಅಂತ ಅವರಿಗೆ ಹೇಳಿದ್ದೆ. ಉತ್ತರ ಬರೆಯುವ ಅಮ್ಮನನ್ನು ಒಂದು ಮಾತು ಕೇಳಬಹುದೇ? ಇಂತಿ, ಕಿಡಿ."

ಬರಲಿ ಅಂದಳು ಉತ್ತರದಮ್ಮ. ಮರುದಿನ ಮಧ್ಯಾಹ್ನ, ರಜೆಯಲ್ಲೇ ಅವಳು ಬಂದು ಕಾದಿದ್ದ ವಾಚನಾಲಯಕ್ಕೆ ಕಿಡಿ ಬಂದ. ನಲವತ್ತು ದಾಟಿದ ಮನುಷ್ಯ, ಉಗುರಿನ ಸಂದಿಯಲ್ಲಿ ಬಣ್ಣ. ಬೋರ್ಡ್ ಬರೆಯುವ ಪೇಂಟರ್. ಫ್ಲೆಕ್ಸ್ ಬಂದ ಮೇಲೆ ಕೆಲಸ ಕಮ್ಮಿಯಾಗಿ, ಕೈಯಲ್ಲಿ ಫೋನು ಹೆಚ್ಚಾಗಿ, ಕಾವಲು ಪಡೆಯವರು "ಅಣ್ಣ, ನಿಮ್ಮ ಅಕ್ಷರ ಮುತ್ತು" ಅಂದಾಗ ಕರಗಿ ಹೋಗಿದ್ದ. ಯಾರಾದರೂ ಹಾಗೆ ಹೊಗಳಿ ಎಷ್ಟೋ ವರ್ಷವಾಗಿತ್ತಂತೆ.

"ಕ್ಷಮಿಸಿ ಅಮ್ಮ," ಅಂದ ನೆಲ ನೋಡುತ್ತ. "ನನ್ನ ಹೆಂಡತಿಗೆ ಹೃದಯದ ಕವಾಟ ಕೆಟ್ಟಿದೆ. ಡಾಕ್ಟ್ರು ಗಡಿಯಾಚೆ ಕರ್ಕೊಂಡು ಹೋಗಿ ಅಂತಾರೆ. ಗುಂಪಿನಲ್ಲಿ ಕಿಡ್ನಿ ಕದಿಯೋ ವಿಡಿಯೊ ಅಂತ ಒಂದು ನೋಡಿದಾಗಿನಿಂದ ನಿದ್ದೆ ಇಲ್ಲ. ಅವಳನ್ನ ಕಳ್ಕೊಂಡರೆ ಏನು ಮಾಡಲಿ?"

ಉತ್ತರದಮ್ಮನಿಗೆ ಎರಡು ಮಾತು ಬೈಯಬೇಕು ಅನ್ನಿಸಿತ್ತು. ಅವನ ಮುಖ ನೋಡಿ ನುಂಗಿಕೊಂಡಳು. ಮಾತಾಡಲು ಒಪ್ಪಿದ್ದ ನಾಲ್ವರಲ್ಲಿ ಒಬ್ಬಳು ಬಸ್ ಡ್ರೈವರನ ತಾಯಿ. ಅವಳಿಗೆ ಫೋನ್ ಹಚ್ಚಿ, ವಿಷಯ ಹೇಳಿ, ಸ್ಪೀಕರ್ ಹಾಕಿದಳು.

"ಕಿಡ್ನೀನಾ?" ಮುದುಕಿಯ ದನಿ ಕೋಣೆ ತುಂಬಿತು. "ಎರಡೂ ಇವೆ ಕಣಪ್ಪ, ಬೇಕಾದ್ರೆ ಬಂದು ಎಣಿಸ್ಕೊ! ಕವಾಟ ಹಾಕಿಸ್ಕೊಂಡು ಬಂದು ಒಂದು ವರ್ಷ ಆಯ್ತು. ಈಗ ಸೊಸೆ ಜೊತೆ ಜಗಳ ಆಡಿದ್ರೂ ದಮ್ಮು ಕಟ್ಟಲ್ಲ!"

ಪೇಂಟರ್ ನಕ್ಕ, ನಗುತ್ತಲೇ ಕಣ್ಣೊರೆಸಿಕೊಂಡ.

ಮುಂದಿನ ತಿಂಗಳು ಗಂಡ ಹೆಂಡತಿ ಹೋದರು, ಆಪರೇಷನ್ ಮುಗಿಸಿ ಮೂರು ವಾರಕ್ಕೆ ವಾಪಸಾದರು. ಬಂದವನೇ ಪೇಂಟರ್ ತನ್ನ ಸ್ವಂತ ಹೆಸರಿನಲ್ಲಿ, ಹೆಂಡತಿ ಆಸ್ಪತ್ರೆಯ ಅಂಗಳದಲ್ಲಿ ನಡೆದಾಡುವ ಫೋಟೊ ಹಾಕಿ, ತಾನು ಹಬ್ಬಿಸಿದ್ದು ಸುಳ್ಳೆಂದು ಕಾವಲು ಪಡೆಯಲ್ಲೇ ಬರೆದ. ಅರ್ಧ ಗಂಟೆಯಲ್ಲಿ ಅವನನ್ನು ಗುಂಪಿನಿಂದ ಹೊರಹಾಕಿದರು. ಬೆದರಿಕೆಗಳೂ ಬಂದವು, ಅವನ್ನು ಪೊಲೀಸರಿಗೆ ತೋರಿಸಿದ. ಆದರೆ ಅದೇ ಗುಂಪಿನ ಆರು ಜನ ಗುಟ್ಟಾಗಿ ಕೇಳಿದರು: ಅಲ್ಲಿ ಉಳಿಯಲು ಜಾಗ ಸಿಗುತ್ತಾ? ನಮ್ಮ ಭಾಷೆ ತಿಳಿಯುತ್ತಾ? ಅವನು ಒಬ್ಬೊಬ್ಬರಿಗೂ ಉತ್ತರ ಬರೆದ.

ಅವನೇನೂ ನೆರೆದೇಶದ ಭಕ್ತನಾಗಲಿಲ್ಲ. ಈಗಲೂ ವಾಚನಾಲಯಕ್ಕೆ ಬಂದು ಪೇಪರ್ ಓದಿ, ನದಿ ನೀರಿನ ವಿಷಯಕ್ಕೆ ಅಧಿಕಾರಿಯ ಜೊತೆ ಮುಖಾಮುಖಿ ಜಗಳಕ್ಕೆ ನಿಲ್ಲುತ್ತಾನೆ. ಅಧಿಕಾರಿಗೆ ಹೊಸ ಗಾದೆ ಕಲಿಸುವವನೂ ಅವನೇ. ಅಂಗಡಿಯವನು ಮೊದಲಿನಂತೆ ಮಾತಾಡಿಸುತ್ತಾನೆ. ಅಕ್ಕ ಮಾತ್ರ ಬಾಗಿಲಿಗೆ ಇನ್ನೊಂದು ಚಿಲಕ ಹಾಕಿಸಿದ್ದಾಳೆ.

ನಿವೃತ್ತಿಗೆ ಮುಂಚೆ ತನ್ನ ಕೆಲಸವನ್ನು ಇಬ್ಬರು ಹೊಸ ಹುಡುಗಿಯರಿಗೆ ಕಲಿಸಬೇಕೆಂದು ಉತ್ತರದಮ್ಮನಿಗೆ ಅಪ್ಪಣೆಯಾಯಿತು. ಮೊದಲ ದಿನವೇ ಒಬ್ಬಳು ಕೇಳಿದಳು, "ಮೇಡಂ, ಉತ್ತರ ಕೊಟ್ಟರೆ ಎಲ್ಲರೂ ಬದಲಾಗ್ತಾರಾ?"

"ಎಲ್ಲಿ ಬಂತು! ಮೂವರು ಇವತ್ತು ಬೆಳಿಗ್ಗೆನೂ ನನ್ನ ವಂಶ ಜಾಲಾಡಿದ್ದಾರೆ," ಎಂದು ನಕ್ಕು, ಉತ್ತರದಮ್ಮ ಕುರ್ಚಿ ಎಳೆದುಕೊಟ್ಟಳು. "ಕೂತ್ಕೊ. ಅವರಲ್ಲೊಬ್ಬ ಬೈಯೋದರ ನಡುವೆ ಏನೋ ಕೇಳಿದ್ದಾನೆ. ಏನು ಅಂತ ನಾವೆಲ್ಲ ಸೇರಿ ನೋಡೋಣ."