ಸುಗಂಧಿಗೆ ಕೊಡದ ಕಣ್ಣಿನ ಮದ್ದು

“ಬೀಡಿ ಕಟ್ಟುವವಳ ಕಣ್ಣು ಕೆಂಪಾದ್ರೆ ಎಲ್ಲರೂ ಹೇಳುವುದು ಒಂದೇ, ಹೊಗೆಸೊಪ್ಪಿನ ಧೂಳು ಅಂತ. ನಾನೂ ಹಾಗೇ ಗ್ರಹಿಸಿದೆ. ಬಿಸಿಲಿಗೆ ಬಂದ್ರೆ ಕಣ್ಣೊಳಗೆ ಯಾರೋ ಹಿಂಡಿದ ಹಾಗೆ. ಕಣ್ಣಿಗೆ ಎರಡು ಬಿಂದು ಮದ್ದು ಬಿಟ್ಟೆ, ತಂಪಾಯ್ತು. ಮತ್ತೆ ಕೆಂಪಾಯ್ತು, ಮತ್ತೆ ಬಿಟ್ಟೆ. ಮುಗಿದ್ರೆ ಖಾಲಿ ಬಾಟ್ಲಿ ತೋರಿಸಿ ಅಂಗಡಿಯಿಂದ ಅದನ್ನೇ ತರಿಸಿದೆ. ವರ್ಷಗಟ್ಟಲೆ ಹೀಗೇ. ಕಡೆಗೆ ಮೂಡುಬಿದಿರೆಯಲ್ಲಿ ಕಣ್ಣಿನ ಡಾಕ್ಟ್ರು ಹೇಳಿದ್ರು, ಇದು ಧೂಳಲ್ಲ, ಕಣ್ಣಿನ ಒಳಗೆಯೇ ಉರಿಯೂತ. ಮದ್ದು ಸರಿಯೇ, ಆದ್ರೆ ಡಾಕ್ಟ್ರಿಗೆ ತೋರಿಸದೆ ವರ್ಷಗಟ್ಟಲೆ ಅದನ್ನೇ ಕಣ್ಣಿಗೆ ಬಿಟ್ಟುಕೊಂಡದ್ದರಿಂದ ಕಣ್ಣಿನ ಒತ್ತಡ ಏರಿ ನರ ಸೊರಗಿದೆ, ಹೋದ ದೃಷ್ಟಿ ಬರುವುದಿಲ್ಲ ಅಂತ. ಇದನ್ನು ಹೇಳಿ ಹೇಳಿ ನನ್ನ ಬಾಯಿ ಒಣಗಿತು. ಕೇಳುವವರು ಯಾರುಂಟು?”

ಪುಂಜಾಲಕಟ್ಟೆಯ ಜಲಜಾಕ್ಷಿ ಇಷ್ಟನ್ನೂ ಹೇಳಿದ್ದು ಪಕ್ಕದ ಮನೆಯ ಸುಗಂಧಿಗೆ. ಬೆಳಕಿಗೆ ಸೆರಗು ಅಡ್ಡ ಹಿಡಿದುಕೊಂಡು ಜಗಲಿ ಹತ್ತಿದ್ದ ಸುಗಂಧಿಯ ಎಡಗಣ್ಣು ದಾಸವಾಳದಂತಾಗಿತ್ತು.

“ನಿನ್ನ ಕಥೆ ಸಾಕು ಮಾರಾಯ್ತಿ. ನಾಳೆ ಕಂಟ್ರಾಕ್ಟ್ರಿಗೆ ಬೀಡಿ ಕೊಡುವ ದಿನ. ಎರಡು ಬಿಂದು ಬಿಡು, ಹೋಗ್ತೇನೆ.”

ಬೀಡಿ ಕಟ್ಟುವವರಲ್ಲಿ ಇಲ್ಲ ಎನ್ನುವ ಕ್ರಮವಿಲ್ಲ. ನೂಲು ಮುಗಿದರೆ ನೂಲು, ಎಲೆ ಸಾಲದಿದ್ದರೆ ಎಲೆ, ಕಣ್ಣು ಉರಿದರೆ ಕಣ್ಣಿನ ಮದ್ದು, ಎಲ್ಲವೂ ಬೇಲಿ ದಾಟುತ್ತದೆ. ಜಲಜಾಕ್ಷಿಯ ಮೊದಲ ಬಾಟಲಿಯೂ ಹಾಗೆ ದಾಟಿ ಬಂದದ್ದೇ. ಸುಗಂಧಿಯ ಗಂಡನಿಗೆ ಕಣ್ಣಿನ ಪೊರೆಯ ಆಪರೇಷನ್ ಆದಾಗ ಕೊಟ್ಟದ್ದರಲ್ಲಿ ಮಿಕ್ಕಿದ್ದು. ಅದನ್ನು ಜಲಜಾಕ್ಷಿ ಒಂದು ದಿನವೂ ಎತ್ತಿ ಆಡಿದವಳಲ್ಲ. ಈಗಲೂ ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡಳು.

“ಕೊಡುವುದಿಲ್ಲ. ಮೊದಲು ತೋರಿಸಿ ಬಾ.”

“ಆವತ್ತು ನೀನು ಕೇಳಿದ ಕೂಡಲೇ ನಾನು ಕೊಟ್ಟೆ. ಈಗ ನೀನೇ ಡಾಕ್ಟ್ರಮ್ಮ ಆದದ್ದಾ?”

ಒಳಗಿನಿಂದ ಜಲಜಾಕ್ಷಿಯ ಗಂಡ ಡೊಂಬಯ್ಯನ ದನಿ ಬಂತು. “ಎರಡು ಬಿಂದು ಕೊಟ್ರೆ ನಿನ್ನ ಗಂಟು ಎಂತ ಹೋಗ್ತದೆ?”

“ನೀವು ಸುಮ್ಮನೆ ಕೂತ್ಕೊಳ್ಳಿ!”

ಜಲಜಾಕ್ಷಿಗೆ ಅಳು ಬರುವಷ್ಟು ಸಿಟ್ಟು ಬಂತು. ತನ್ನ ಒಳ್ಳೆಯ ಎಡಗಣ್ಣನ್ನು ಅಂಗೈಯಲ್ಲಿ ಮುಚ್ಚಿ ಸುಗಂಧಿಯ ಎದುರು ನಿಂತಳು.

“ನೋಡು, ಈಗ ನಿನ್ನ ಮೂಗು ಕಾಣ್ತದೆ. ಕಿವಿ ಇಲ್ಲ, ಪಕ್ಕದ ಕಂಬವೂ ಇಲ್ಲ. ನಿನಗೂ ಹೀಗೇ ಆಗ್ಬೇಕಾ? ನಿನ್ನದು ಎಂತ ಬೇನೆ ಅಂತ ನನಗೆ ಗೊತ್ತುಂಟಾ, ನಿನಗೆ ಗೊತ್ತುಂಟಾ?”

ಸುಗಂಧಿ ಕಂಬವನ್ನು ನೋಡಿದಳು. ಅದು ತನ್ನ ಭುಜಕ್ಕೆ ತಾಗಿಕೊಂಡೇ ಇತ್ತು. ಆಮೇಲೆ, “ನಾನು ಹೋದ್ರೆ ಎಲೆ ನೆನೆಸುವುದು ಯಾರು, ನಿನ್ನ ಡಾಕ್ಟ್ರಾ?” ಎಂದಳು.

“ತಂದು ಹಾಕು ಇಲ್ಲಿ.”

ಸುಗಂಧಿ ಎಲೆಯ ಕಟ್ಟನ್ನು ತಂದು ಜಗಲಿಗೆ ಕುಕ್ಕಿದಳು. “ನಿನ್ನ ಬಾಯಿ ತಡೀಲಿಕ್ಕಾಗದೆ ಹೋಗುವುದು, ಮತ್ತೆಂತ ಇಲ್ಲ,” ಎಂದು ಸೆರಗನ್ನು ಕಣ್ಣಿನ ಮೇಲೆಳೆದುಕೊಂಡು ಬಸ್ಸಿನ ರಸ್ತೆಗೆ ಇಳಿದಳು.

ಒಂದು ಒಳ್ಳೆಯ ಮಾತಿಲ್ಲ! ಜಲಜಾಕ್ಷಿ ಗೊಣಗುತ್ತಲೇ ಕಟ್ಟು ಬಿಚ್ಚಿದಳು. ಎಲೆಗಳನ್ನು ಹಿಡಿಹಿಡಿಯಾಗಿ ಬಾಲ್ದಿಯ ನೀರಿನಲ್ಲಿ ಮುಳುಗಿಸಿ, ಕೊಡವಿ, ಒದ್ದೆ ಗೋಣಿಯೊಳಗೆ ಸುತ್ತತೊಡಗಿದಳು.