ಖೈರುನ್ ಹಾಕಿದ ಹೊಲಿಗೆ

ಸುರ್ಖಾಗಂಜ್‌ನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮಂಜಿನಲ್ಲಿ ಹಳೆಯ ಸರಾಯಿಯ, ಅಂದರೆ ದಾರಿಹೋಕರ ಛತ್ರದ, ಕಮಾನು ಎದುರಿಗಿದ್ದರೂ ಕಾಣುವುದಿಲ್ಲ. ‘ಟಂಯ್... ಟಂಯ್’ ಎಂಬ ಸದ್ದು ಮಾತ್ರ ಕೇಳುತ್ತಿದೆ. ಅದರ ಜಾಡು ಹಿಡಿದು ಹೋದರೆ, ಕಮಾನಿನ ಕೆಳಗೆ ಶುಬ್ರಾತಿ ಮನ್ಸೂರಿ ಹತ್ತಿ ಹಿಂಜುತ್ತ ಕೂತಿದ್ದಾರೆ. ಒಂದು ಕೈಯಲ್ಲಿ ಆಳುದ್ದದ ಬಿಲ್ಲು, ಇನ್ನೊಂದರಲ್ಲಿ ಕೊಡತಿ. ಗಡ್ಡ, ಹುಬ್ಬು, ಟೋಪಿಗೆಲ್ಲ ಹತ್ತಿ ಮೆತ್ತಿದೆ.

“ದೂರ ಕೂತ್ಕೊಳ್ಳಿ ಮಾಸ್ಟರ್ ಸಾಬ್. ಇಲ್ಲಾಂದ್ರೆ ಮನೇಲಿ ನಿಮ್ಮ ಗುರುತೇ ಸಿಗಲ್ಲ,” ಎಂದು ನಗುತ್ತಾರೆ.

ನಾನು ಇಲ್ಲಿ ಮೇಷ್ಟ್ರಾಗಿ ಬಂದಾಗ ಸರಾಯಿಯ ಹಿಂದಿನ ಇಡೀ ಓಣಿ ಪಿಂಜಾರರದ್ದಾಗಿತ್ತು. ದಸರಾ ಮುಗಿದರೆ ಸಾಕು, ಮನೆಮನೆಯ ಬಿಲ್ಲು ಮಿಡಿಯುತ್ತಿತ್ತು. ನವಾಬರ ದಂಡಿಗೂ ಇಲ್ಲಿಂದಲೇ ಹತ್ತಿ ತುಂಬಿದ ರಜಾಯಿ ಹೋಗುತ್ತಿತ್ತು ಎಂದು ಊರವರು ಇಂದಿಗೂ ಜಂಬ ಕೊಚ್ಚುತ್ತಾರೆ. ಈಗ ಸ್ಟೇಷನ್ ಹತ್ತಿರ ಹಿಂಜುವ ಯಂತ್ರ ಬಂದಿದೆ. ಅದೂ ಸಾಲದೆಂದು ಅಂಗಡಿ ತುಂಬ ಆ ಹಾಳು ನೈಲಾನ್ ಕಂಬಳಿಗಳು! ಹೊದ್ದರೆ ಮೈಯೆಲ್ಲ ಚುರುಚುರು. ಓಣಿಯಲ್ಲಿ ಉಳಿದಿರುವುದು ಇದೊಂದೇ ಬಿಲ್ಲು.

ಹಿಂಜುವುದು ಶುಬ್ರಾತಿಯವರ ಕೆಲಸ, ಹೊಲಿಯುವುದು ಹೆಂಡತಿ ಖೈರುನ್ ಕೆಲಸವಾಗಿತ್ತು. ಬೇರೆಯವರು ರಜಾಯಿಯನ್ನು ಅಂಚಿನಿಂದ ಹೊಲಿದರೆ ಆಕೆ ನಡುವಿನಿಂದ ಶುರುಮಾಡಿ ಜಲೇಬಿಯಂತೆ ಸುತ್ತುತ್ತ ಹೋಗುತ್ತಿದ್ದಳು. “ಚಳಿ ಮೊದಲು ಎದೆಗೇ ಹತ್ತೋದು, ಅಲ್ಲೇ ಗಟ್ಟಿ ಮಾಡ್ಬೇಕು ಅನ್ನೋಳು,” ಎನ್ನುತ್ತಾರೆ ಶುಬ್ರಾತಿ. ಕೆಲವು ವರ್ಷಗಳ ಹಿಂದೆ ಜ್ವರ ಬಂದು ಆಕೆ ತೀರಿಕೊಂಡಳು.

ಹತ್ತಿ ಗಂಟುಕಟ್ಟಿದ ರಜಾಯಿಯನ್ನು ಮತ್ತೆ ಹಿಂಜಬೇಕಾದರೆ ಹೊಲಿಗೆ ಕತ್ತರಿಸಲೇಬೇಕು. “ಮನೇದನ್ನೇ ಮೊದಲು ಬಿಚ್ಚಿದೆ. ಆಮೇಲೆ ಊರಿಂದು ಬಂದಂಗೆಲ್ಲ ಕಚಕಚ ಅಂತ ಕತ್ತರಿಸ್ತಾ ಹೋದೆ. ನನ್ನ ಬುದ್ಧಿಗಿಷ್ಟು! ಅವಳ ದಾರ ಅಂತ ಹೊಳೀಲೇ ಇಲ್ಲ. ಒಂದಿನ ನೋಡ್ತೀನಿ, ಎಲ್ಲಾ ಖಾಲಿ.” ಬಿಲ್ಲು ಸುಮ್ಮನಾಗುತ್ತದೆ.

ಎಲ್ಲಾ ಅಲ್ಲ, ಒಂದು ಉಳಿದಿದೆ. ಅದು ಮಿಠಾಯಿ ಅಂಗಡಿಯ ಮುದುಕಿ ರಾಮ್‌ಕಲಿಯವರದು. ಹಿಂಜಿಸಲು ಕೊಟ್ಟು ಹಲವು ದಿನವಾದರೂ ಅದು ಮೂಲೆಯಲ್ಲೇ ಕೂತಿದೆ. ಅಷ್ಟರಲ್ಲಿ ಮಂಜಿನಿಂದ ಆಕೆಯೇ ಕೋಲೂರಿಕೊಂಡು ಪ್ರತ್ಯಕ್ಷರಾಗುತ್ತಾರೆ. ಊರ ನಂಟಿನಲ್ಲಿ ಶುಬ್ರಾತಿಯವರಿಗೆ ಅವರು ಭೌಜಿ, ಅಂದರೆ ಅತ್ತಿಗೆ.

“ಏನೋ ಶುಬ್ರಾತಿ, ನಾನು ಸತ್ತ ಮೇಲೆ ಹೊದಿಸೋಕೆ ಇಟ್ಕೊಂಡಿದೀಯೇನೋ?”

“ಭೌಜಿ, ಹೊಸದೇ ಮಾಡ್ಕೊಡ್ತೀನಿ. ಇದನ್ನ ನನಗೆ ಬಿಟ್ಬಿಡಿ.”

“ಅಬ್ಬಬ್ಬಾ! ಏನಪ್ಪಾ ಇಷ್ಟು ಧಾರಾಳ?”

ಶುಬ್ರಾತಿ ರಜಾಯಿ ಬಿಡಿಸಿ ನಡುವಿನ ಹೊಲಿಗೆಯ ಮೇಲೆ ಕೈಯಿಡುತ್ತಾರೆ. “ಊರಲ್ಲಿ ಅವಳದು ಇದೊಂದೇ ಉಳಿದಿರೋದು. ಕತ್ತರಿ ಎತ್ಕೊಳ್ಳೋಕೆ ಕೈ ಏಳಲ್ಲ, ಭೌಜಿ.”

ಮುದುಕಿ ಕೋಲು ಪಕ್ಕಕ್ಕಿಟ್ಟು ಅಲ್ಲೇ ಕೂರುತ್ತಾರೆ. ಬೆರಳು ಹೊಲಿಗೆಯ ಸುತ್ತು ಹಿಡಿದು ನಿಧಾನವಾಗಿ ಹೊರಟು ಅಂಚಿನವರೆಗೆ ಹೋಗುತ್ತದೆ. “ನಮ್ಮ ಅಂಗಡಿ ಹಿಂದೇನೇ ಕೂತು ಹೊಲಿದಳು. ಜಲೇಬಿ ಕೇಳಿದ್ಲು, ಪಾಪಿ ನಾನು, ಬರೀ ಚೂರುಪಾರು ಕೊಟ್ಟೆ. ವರ್ಷಾ ವರ್ಷಾ ಹಿಂಜಿಸೋಕೂ ಕಂಜೂಸಿ ನನಗೆ. ಅದಕ್ಕೇ ಉಳೀತು ನೋಡು,” ಎನ್ನುತ್ತ ಕಣ್ಣೊರೆಸಿಕೊಳ್ಳುತ್ತಾರೆ. ಆಮೇಲೆ ರಜಾಯಿಯನ್ನು ಎದೆಗೆ ಎಳೆದುಕೊಳ್ಳುತ್ತಾರೆ. “ಕೊಡಲ್ಲ ಹೋಗೋ. ನಿನಗೆ ಹೆಂಡತಿಯಾದ್ರೆ ನನಗೆ ಗೆಳತಿ ಅಲ್ವೇನೋ? ಹೀಗೇ ಹೊದ್ಕೋತೀನಿ.”

“ಹತ್ತಿ ಎಲ್ಲಾ ಗಂಟಾಗಿದೆ, ಭೌಜಿ. ಚಳಿ ತಡೆಯಲ್ಲ. ಮೇಲೆ ಒಂದು ಹೊಸದಾದ್ರೂ...”

“ಎರಡೆರಡು ಹೊರೋಕೆ ಈ ಮೂಳೇಲಿ ತಾಕತ್ತೆಲ್ಲಿದೆ? ಎತ್ತಿ ತಲೆ ಮೇಲಿಡು.”

ಶುಬ್ರಾತಿ ಇಡುತ್ತಾರೆ. ಮಂಜಿನಲ್ಲಿ ಮೊದಲು ಮುದುಕಿ ಮರೆಯಾಗುತ್ತಾರೆ, ಆಮೇಲೆ ತಲೆಯ ಮೇಲಿನ ರಜಾಯಿ. ಕೋಲಿನ ಸದ್ದು ನಿಲ್ಲುವವರೆಗೂ ಶುಬ್ರಾತಿ ನಿಂತೇ ಇರುತ್ತಾರೆ.

ಏನಾದರೂ ಆಸೆ ಉಂಟೇ ಎಂದು ನಾನು ಕೇಳುತ್ತೇನೆ. ಅವರು ಬಿಲ್ಲು ಎತ್ತಿಕೊಂಡು ಮಂಜಿನ ಕಡೆಗೇ ನೋಡುತ್ತಾರೆ.

“ನಲವತ್ತು ವರ್ಷದಿಂದ ಚಳಿ ಜೋರಾಗ್ಲಿ ಅಂತಾನೇ ದುವಾ ಮಾಡಿದೋನು ನಾನು, ಹೊಟ್ಟೆಪಾಡು ನೋಡಿ. ಈ ವರ್ಷ ಮಾತ್ರ ಕಮ್ಮಿ ಇರ್ಲಿ, ಮಾಸ್ಟರ್ ಸಾಬ್.”